ಹಲವು ದಿನಗಳ ಚಾರಣಕ್ಕೆ ಬಟ್ಟೆ ಆರಿಸುವುದು: ನಾರು, ತೂಕ, ನೇಯ್ಗೆ

ಒಂದು ದಿನದ ನಡಿಗೆಗೆ ಮೈಗೆ ಹಿತವೆನಿಸುವ ಯಾವ ಬಟ್ಟೆಯಾದರೂ ನಡೆದೀತು. ಸಂಜೆ ಮನೆಗೆ ಬಂದು ಬಿಚ್ಚಿ ಎಸೆಯಬಹುದಲ್ಲ. ಹತ್ತಿಪ್ಪತ್ತು ದಿನ ನಡೆಯುವವರ ಲೆಕ್ಕ ಬೇರೆ. ಮಳೆ ಬಾರದಿದ್ದರೂ ಬೆವರಿನಿಂದ ಬಟ್ಟೆ ದಿನಾ ಒದ್ದೆಯಾಗುತ್ತದೆ. ಸೋಪು ಹಾಕಿ ಒಗೆಯುವ ಅವಕಾಶ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಬೆನ್ನಚೀಲದ ಪಟ್ಟಿ ಭುಜದ ಅದೇ ಜಾಗವನ್ನು ದಿನಕ್ಕೆ ಏಳೆಂಟು ಗಂಟೆ ತಿಕ್ಕುತ್ತಲೇ ಇರುತ್ತದೆ. ಇಂಥ ನಡಿಗೆಗೆ ಬಟ್ಟೆ ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದು ಎಷ್ಟು ನೀರು ಹಿಡಿಯುತ್ತದೆ, ಹಿಡಿದದ್ದನ್ನು ಬೆಳಗಾಗುವುದರೊಳಗೆ ಬಿಡುತ್ತದೆಯೇ ಎಂಬುದನ್ನು. ಬ್ರ್ಯಾಂಡು, ಬಣ್ಣ, ಜೇಬುಗಳ ಸಂಖ್ಯೆ ಎಲ್ಲ ಆಮೇಲೆ.

ಹಂತ 1: ದಾರಿಯ ನಾಲ್ಕು ವಿವರ ಬರೆದಿಟ್ಟುಕೊಳ್ಳಿ

ರಾತ್ರಿಯ ಕನಿಷ್ಠ ತಾಪಮಾನ, ಮಳೆಯ ಸಾಧ್ಯತೆ, ದಾರಿಯಲ್ಲಿ ಮುಳ್ಳುಪೊದೆ ಅಥವಾ ಒರಟು ಬಂಡೆ ಎಷ್ಟಿದೆ, ಬಟ್ಟೆ ಒಗೆಯಲು ಎಷ್ಟು ದಿನಕ್ಕೊಮ್ಮೆ ನಿಲ್ಲುತ್ತೀರಿ. ಇಷ್ಟು ಸಾಕು. ಹಗಲಿನ ತಾಪಮಾನಕ್ಕಿಂತ ರಾತ್ರಿಯದೇ ಮುಖ್ಯ. ನಡೆಯುವಾಗ ಮೈ ತಾನೇ ಬಿಸಿಯಾಗಿರುತ್ತದೆ, ಚಳಿ ಹಿಡಿಯುವುದು ನಿಂತ ಮೇಲೆ.

ಹಂತ 2: ಲೇಬಲ್ ಓದಿ, ಆದರೆ ನಾರಿನ ಹೆಸರಿಗೇ ಮರುಳಾಗಬೇಡಿ

ಪ್ರತಿ ನಾರಿಗೂ ಗಾಳಿಯಿಂದ ತೇವ ಹೀರುವ ಗುಣ ಇಷ್ಟಿಷ್ಟೆಂದು ಇದೆ. 20 ಡಿಗ್ರಿ ಸೆಲ್ಸಿಯಸ್, ಶೇ 65ರ ಆರ್ದ್ರತೆಯಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನಾರು ಹೆಚ್ಚುಕಡಿಮೆ ಏನೂ ಹೀರುವುದಿಲ್ಲ. ಪಾಲಿಯೆಸ್ಟರ್ ತನ್ನ ತೂಕದ ಸುಮಾರು ಶೇ 0.4, ನೈಲಾನ್ ಶೇ 4, ಹತ್ತಿ ಶೇ 7–8, ವಿಸ್ಕೋಸ್ (ಸಸ್ಯದ ತಿರುಳಿನಿಂದ ರಾಸಾಯನಿಕವಾಗಿ ತಯಾರಿಸಿದ ನಾರು) ಶೇ 11–13, ಉಣ್ಣೆ ಶೇ 16ರ ಆಸುಪಾಸು ಹೀರುತ್ತವೆ. ಈ ಪಟ್ಟಿ ನೋಡಿ ಉಣ್ಣೆಯೇ ಎಲ್ಲಕ್ಕಿಂತ ಕೆಟ್ಟದ್ದು ಅಂದುಕೊಂಡರೆ ತಪ್ಪಾದೀತು. ಉಣ್ಣೆ ತೇವವನ್ನು ಆವಿಯ ರೂಪದಲ್ಲೇ ನಾರಿನ ಒಳಕ್ಕೆ ಎಳೆದುಕೊಳ್ಳುತ್ತದೆ, ಹೊರಮೈ ಮಾತ್ರ ಒಣಗಿದಂತೆಯೇ ಇರುತ್ತದೆ. ತನ್ನ ತೂಕದ ಶೇ 30ರಷ್ಟು ಹೀರಿದ ಮೇಲೂ ಕೈಗೆ ಒದ್ದೆ ಅನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ‘ಉಣ್ಣೆ ಒದ್ದೆಯಾದರೂ ಬೆಚ್ಚಗೆ’ ಎಂಬ ಮಾತು ಹುಟ್ಟಿದ್ದು ಇದರಿಂದ. ಆದರೆ ಅದು ಅರ್ಧ ಸತ್ಯ. ಪೂರ್ತಿ ತೊಯ್ದು ಹಿಂಡಿದರೆ ನೀರು ಸುರಿಯುವಂತಿರುವ ಉಣ್ಣೆ ಭಾರವಾಗುತ್ತದೆ, ತಣ್ಣಗಾಗುತ್ತದೆ, ಒಣಗಲು ಪಾಲಿಯೆಸ್ಟರಿಗಿಂತ ಹೆಚ್ಚು ಹೊತ್ತು ಬೇಡುತ್ತದೆ.

ಪಾಲಿಯೆಸ್ಟರಿನ ನಾರು ನೀರು ಕುಡಿಯುವುದಿಲ್ಲ ನಿಜ, ಬಟ್ಟೆ ಕುಡಿಯುತ್ತದೆ. ನೂಲಿನ ಎಳೆಗಳ ನಡುವಿನ ಸಂದಿಯಲ್ಲಿ ನೀರು ಕೂರುತ್ತದೆ. ದಪ್ಪ ಪಾಲಿಯೆಸ್ಟರ್ ಅಂಗಿಗಿಂತ ತೆಳ್ಳನೆಯ ಉಣ್ಣೆ ಅಂಗಿ ಬೇಗ ಒಣಗುವುದುಂಟು. ಒಣಗುವ ವೇಗದ ಮಟ್ಟಿಗೆ ನಾರಿನ ಹೆಸರಿಗಿಂತ ಬಟ್ಟೆಯ ದಪ್ಪವೇ ದೊಡ್ಡದು. ಜಾಹೀರಾತುಗಳು ಹೇಳದ ಸಂಗತಿ ಇದು.

ಒಂದೊಂದು ನಾರಿನ ಗುಣದೋಷ ಹೀಗಿವೆ.

ಹತ್ತಿ: ನೀರನ್ನು ನಾರಿನೊಳಗೂ ಸಂದಿಯಲ್ಲೂ ಹಿಡಿದುಕೊಂಡು ಮೈಗೆ ಅಂಟುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುವುದರಿಂದ ಅಂಟಿದ ಬಟ್ಟೆ ಮೈಯ ಬಿಸಿಯನ್ನು ಎಳೆದು ಹೊರಹಾಕುತ್ತದೆ. ಚಳಿ ಗಾಳಿ ಇರುವಲ್ಲಿ ಇದು ಅಪಾಯ. ಹಾಗೆಂದು ಹತ್ತಿಯನ್ನು ಶಪಿಸಬೇಕಾಗಿಲ್ಲ. ಒಣ ಹವೆಯ ಬಿಸಿಲು ನೆಲದಲ್ಲಿ ಸಡಿಲವಾದ ತೆಳು ಹತ್ತಿ ಅಂಗಿ ತಂಪಾಗಿರುತ್ತದೆ. ಅದೇ ಅಂಗಿಯಲ್ಲಿ ರಾತ್ರಿ ಕಳೆಯಬಾರದು, ಅಷ್ಟೇ.

ಬಿದಿರು ಬಟ್ಟೆ: ಮೃದು ಎಂದು ಕೊಳ್ಳುವವರು ಹೆಚ್ಚು. ಮಾರುಕಟ್ಟೆಯ ಬಹುಪಾಲು ಬಿದಿರು ಬಟ್ಟೆ ವಿಸ್ಕೋಸ್ ಮಾತ್ರ. ಒದ್ದೆಯಾದಾಗ ವಿಸ್ಕೋಸ್ ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. ಭಾರದ ಚೀಲ ಹೊತ್ತವರಿಗೆ ಬೇಡ.

ನೈಲಾನ್ ಮತ್ತು ಪಾಲಿಯೆಸ್ಟರ್: ತಿಕ್ಕಾಟ ತಾಳುವುದರಲ್ಲಿ ನೈಲಾನ್ ಮುಂದು, ಬಿಸಿಲು ತಾಳುವುದರಲ್ಲಿ ಮತ್ತು ಬೇಗ ಒಣಗುವುದರಲ್ಲಿ ಪಾಲಿಯೆಸ್ಟರ್ ಮುಂದು. ಆದ್ದರಿಂದ ಪ್ಯಾಂಟಿಗೆ ನೈಲಾನ್, ಅಂಗಿಗೆ ಪಾಲಿಯೆಸ್ಟರ್ ಎಂಬ ವಾಡಿಕೆ ಸರಿಯಾದದ್ದೇ. ಪಾಲಿಯೆಸ್ಟರಿನ ದೊಡ್ಡ ದೋಷ ನಾತ. ಈ ನಾರು ನೀರನ್ನು ದೂರವಿಟ್ಟು ಮೈಯ ಎಣ್ಣೆಯನ್ನು ಅಂಟಿಸಿಕೊಳ್ಳುತ್ತದೆ. ಆ ಎಣ್ಣೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದು ಎರಡನೇ ದಿನಕ್ಕೇ ವಾಸನೆ ಶುರು. ಬೆಳ್ಳಿ ಲೇಪ ಮೊದಲಾದ ವಾಸನೆ ನಿರೋಧಕಗಳು ಒಗೆದಂತೆಲ್ಲ ಕ್ಷೀಣಿಸುತ್ತವೆ, ಅದಕ್ಕೆಂದೇ ಹೆಚ್ಚು ಹಣ ಕೊಡುವುದು ವ್ಯರ್ಥ.

ಎಲಾಸ್ಟೇನ್: ಸ್ಪ್ಯಾಂಡೆಕ್ಸ್ ಎಂದೂ ಬರೆದಿರುತ್ತಾರೆ. ಶೇ 4–10 ಇದ್ದರೆ ಬಂಡೆ ಹತ್ತುವಾಗ ಮೊಣಕಾಲು ಸಲೀಸಾಗಿ ಮಡಚುತ್ತದೆ. ಅದಕ್ಕಿಂತ ಹೆಚ್ಚಾದರೆ ಬಟ್ಟೆ ದಪ್ಪವಾಗಿ ನಿಧಾನಕ್ಕೆ ಒಣಗುತ್ತದೆ. ಬಿಸಿನೀರು, ಬೆಂಕಿಯ ಝಳ, ಕ್ಲೋರಿನ್ ಇದರ ಶತ್ರುಗಳು.

ಹಂತ 3: ತೂಕ ಮತ್ತು ನೇಯ್ಗೆ

ಬಟ್ಟೆಯ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ. ಬೆವರು ಹರಿಯುವ ಹವೆಗೆ ಮೈಗಂಟಿದ ಅಂಗಿ 100ರಿಂದ 150 ಜಿಎಸ್‌ಎಂ ಇರಲಿ. ತಂಪು ಹವೆಗೆ 150–200. ಅದಕ್ಕಿಂತ ದಪ್ಪದ್ದು ಮಲಗಲು ಚೆನ್ನ, ನಡೆಯಲು ಅಲ್ಲ. ಜಿಎಸ್‌ಎಂ ಬರೆದಿಲ್ಲದಿದ್ದರೆ ಅಂಗಿಯನ್ನು ತಕ್ಕಡಿಗೆ ಹಾಕಿ. ಮಧ್ಯಮ ಅಳತೆಯ ತುಂಬುತೋಳಿನ ಅಂಗಿ 150–200 ಗ್ರಾಂ ತೂಗಿದರೆ ಸರಿ. 300 ಗ್ರಾಂ ದಾಟಿದರೆ ರಾತ್ರಿ ಒಣಗುವುದು ಕಷ್ಟ.

ಹೆಣೆದ ಬಟ್ಟೆ ಹಿಗ್ಗುತ್ತದೆ, ಬೆವರನ್ನು ಹರಡುತ್ತದೆ, ಮುಳ್ಳಿಗೆ ಸಿಕ್ಕರೆ ಎಳೆ ಹೊರಬರುತ್ತದೆ. ನೇಯ್ದ ಬಟ್ಟೆ ಮುಳ್ಳಿಗೂ ಗಾಳಿಗೂ ಜಗ್ಗುವುದಿಲ್ಲ. ಒತ್ತಾಗಿ ನೇಯ್ದಿದ್ದರೆ ಸೊಳ್ಳೆಯ ಸೊಂಡಿಲೂ ಒಳಬರದು. ಮೈಗಂಟಿದ ಹೆಣಿಗೆಯ ಲೆಗ್ಗಿಂಗ್ಸ್ ಮೂಲಕ ಸೊಳ್ಳೆ ಸುಲಭವಾಗಿ ಕಚ್ಚುತ್ತದೆ.

ಹಂತ 4: ಮನೆಯಲ್ಲೇ ನೀರಿನ ಪರೀಕ್ಷೆ

ಕೊಂಡ ಬಟ್ಟೆಯನ್ನು ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ ಅಂಗಡಿಯವರ ಒಪ್ಪಿಗೆ ಪಡೆದು, ಅಥವಾ ಈಗಾಗಲೇ ಕಪಾಟಿನಲ್ಲಿರುವ ಬಟ್ಟೆಗಳ ಮೇಲೆ ಇದನ್ನು ಮಾಡಿ. ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಒಂದು ಬಕೆಟ್.

1. ಒಣ ಬಟ್ಟೆಯನ್ನು ತೂಗಿ ಬರೆದುಕೊಳ್ಳಿ.
2. ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿ, ಒಂದೆರಡು ಸಲ ಹಿಚುಕಿ ಒಳಗಿನ ಗಾಳಿ ಹೊರಡಿಸಿ.
3. ಕೈಯಲ್ಲಿ ಹಿಂಡಿ ಮತ್ತೆ ತೂಗಿ. ಉಣ್ಣೆಯನ್ನು ತಿರುಚಬೇಡಿ, ಅಂಗೈ ನಡುವೆ ಒತ್ತಿ.
4. ನೆರಳಿನಲ್ಲಿ, ಫ್ಯಾನ್ ಇಲ್ಲದ ಕಡೆ ಹರವಿ ಗಂಟೆಗೊಮ್ಮೆ ತೂಗಿ. ಒಣ ತೂಕಕ್ಕೆ ಮರಳುವ ತನಕ ಮುಂದುವರಿಸಿ.

ಎರಡು ಮೂರು ಬಟ್ಟೆಗಳನ್ನು ಒಟ್ಟಿಗೆ ಹರವಿದರೆ ಮಾತ್ರ ಹೋಲಿಕೆಗೆ ಅರ್ಥ, ಏಕೆಂದರೆ ಹವೆ ದಿನದಿನಕ್ಕೂ ಬದಲಾಗುತ್ತದೆ. ಮೂರನೇ ಹೆಜ್ಜೆಯ ಅಂಕಿಯನ್ನು ಗಮನವಿಟ್ಟು ನೋಡಿ. ಹಿಂಡಿದ ಮೇಲೂ ಉಳಿಯುವ ನೀರನ್ನು ಬಿಸಿಲು ಒಣಗಿಸಬೇಕು, ಇಲ್ಲವೇ ನಿಮ್ಮ ಮೈ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ನೂರು ಗ್ರಾಂ ನೀರಿಗೆ ಸುಮಾರು 57 ಕಿಲೊಕ್ಯಾಲರಿ ಆಯಿತು. ಚಳಿಯ ಸಂಜೆ ಒದ್ದೆ ಅಂಗಿಯನ್ನು ಮೈಮೇಲೇ ಒಣಗಿಸಲು ಕೂತವರು ನಡುಗುವುದು ಏಕೆಂದು ಈಗ ತಿಳಿಯುತ್ತದೆ.

ಹಂತ 5: ಒಂದೊಂದೇ ಉಡುಪು

ಮೈಗಂಟುವ ಅಂಗಿ. ಒಗೆಯುವ ಅವಕಾಶ ಕಡಿಮೆಯಿದ್ದು ಹವೆ ತಂಪಾಗಿದ್ದರೆ ಮೆರಿನೊ, ಅಂದರೆ ನವಿರು ನಾರಿನ ಕುರಿತಳಿಯೊಂದರ ಉಣ್ಣೆ. ದಿನಾ ಮಳೆ, ಸೆಕೆ, ಏರುದಾರಿ ಇದ್ದರೆ ತೆಳು ಪಾಲಿಯೆಸ್ಟರ್. ಮೆರಿನೊದಲ್ಲಿ ನಾರಿನ ದಪ್ಪ 19.5 ಮೈಕ್ರಾನ್ ಒಳಗಿದ್ದರೆ ಚುಚ್ಚುವುದಿಲ್ಲ. 30 ಮೈಕ್ರಾನ್ ದಾಟಿದ ನಾರುಗಳೇ ಚರ್ಮಕ್ಕೆ ತುರಿಕೆ ತರುವಂಥವು. ಶುದ್ಧ ಮೆರಿನೊ 150 ಜಿಎಸ್‌ಎಂ ಅಂಗಿ ಚೀಲದ ಪಟ್ಟಿ ಮತ್ತು ಸೊಂಟಪಟ್ಟಿ ತಾಗುವಲ್ಲಿ ಬೇಗ ತೂತಾಗುತ್ತದೆ. ಶೇ 10–20 ನೈಲಾನ್ ಬೆರೆಸಿದ ಮೆರಿನೊ, ಅದರಲ್ಲೂ ನೈಲಾನ್ ಎಳೆಯ ಸುತ್ತ ಉಣ್ಣೆ ಸುತ್ತಿದ ನೂಲಿನದು, ಹೆಚ್ಚು ಬಾಳುತ್ತದೆ. ಶುದ್ಧತೆಯ ಹಟ ಇಲ್ಲಿ ಬೇಡ. ಭುಜದ ಮೇಲೆ ಹೊಲಿಗೆ ಬರದಂತೆ, ಬಂದರೂ ಚಪ್ಪಟೆಯಾಗಿರುವಂತೆ ನೋಡಿಕೊಳ್ಳಿ.

ಬಿಸಿಲಿಗೆ ತುಂಬುತೋಳು. ಯುಪಿಎಫ್ 30 ಎಂದರೆ ಅತಿನೇರಳೆ ಕಿರಣದ ಮೂವತ್ತರಲ್ಲೊಂದು ಪಾಲು, 50 ಎಂದರೆ ಶೇ 2 ಮಾತ್ರ ಒಳಬರುತ್ತದೆ. ಒತ್ತು ನೇಯ್ಗೆ ಮತ್ತು ಗಾಢ ಬಣ್ಣ ಹೆಚ್ಚು ತಡೆಯುತ್ತವೆ. ಹಿಗ್ಗಿದ, ಹಳೆಯದಾಗಿ ಜಾಳಾದ ಬಟ್ಟೆ ಕಡಿಮೆ ತಡೆಯುತ್ತದೆ. ತೆಳು ಬಿಳಿ ಹತ್ತಿ ಒದ್ದೆಯಾದರೆ ಇನ್ನೂ ಕಡಿಮೆ. ಉಣ್ಣಿಗಳಿರುವ ಹುಲ್ಲುಗಾವಲಿನಲ್ಲಿ ಮಾತ್ರ ತಿಳಿ ಬಣ್ಣವೇ ವಾಸಿ, ಹತ್ತಿದ ಹುಳ ಕಣ್ಣಿಗೆ ಬೀಳುತ್ತದೆ.

ಒಳಉಡುಪು. ಇದನ್ನು ಕೊನೆಗೆ ನೆನಪಿಸಿಕೊಳ್ಳುವವರೇ ಜಾಸ್ತಿ. ನಡಿಗೆ ನಿಲ್ಲಿಸುವಂತೆ ಮಾಡುವುದೂ ಇದೇ. ಬೆವರು ಒಣಗಿ ಉಳಿದ ಉಪ್ಪಿನ ಹರಳು ಮತ್ತು ತೊಡೆಸಂದಿಯ ಹೊಲಿಗೆ ಸೇರಿ ಚರ್ಮ ಕಿತ್ತುಬರುತ್ತದೆ. ಹತ್ತಿ ಬೇಡ. ನೈಲಾನ್–ಎಲಾಸ್ಟೇನ್ ಅಥವಾ ಮೆರಿನೊ ಬೆರಕೆ, ತೊಡೆ ತಿಕ್ಕುವವರಿಗೆ ಕಾಲು ಉದ್ದವಿರುವ ವಿನ್ಯಾಸ, ಚಪ್ಪಟೆ ಹೊಲಿಗೆ. ಎರಡು ಅಥವಾ ಮೂರು ಸಾಕು: ಒಂದು ಮೈಮೇಲೆ, ಒಂದು ಒಣಗುತ್ತಾ. ಬ್ರಾ ಆರಿಸುವಾಗ ಒಳಪ್ಯಾಡ್ ತೆಗೆಯಬಹುದಾದದ್ದನ್ನೇ ನೋಡಿ. ಫೋಮ್ ಪ್ಯಾಡ್ ರಾತ್ರಿಯಿಡೀ ಒದ್ದೆಯಾಗಿಯೇ ಉಳಿಯುತ್ತದೆ.

ಪ್ಯಾಂಟು. ನೇಯ್ದ ನೈಲಾನ್, ಶೇ 4–10 ಎಲಾಸ್ಟೇನ್, 120ರಿಂದ 160 ಜಿಎಸ್‌ಎಂ. ಕಾಲುಗಳ ಸಂಧಿಯಲ್ಲಿ ವಜ್ರಾಕಾರದ ತುಂಡು ಸೇರಿಸಿ ಹೊಲಿದದ್ದಾದರೆ ಅಲ್ಲಿ ಹರಿಯುವ ಭಯವಿಲ್ಲ. ಜೀನ್ಸ್ ಒದ್ದೆಯಾದರೆ ಅದರ ಭಾರ ಹೊತ್ತು ನಡೆಯುವುದೇ ಒಂದು ಕೆಲಸ. ಸೊಂಟದ ಕಡೆ ದಪ್ಪ ಎಲಾಸ್ಟಿಕ್, ಲೋಹದ ಗುಂಡಿ, ಬೆಲ್ಟು ಎಲ್ಲ ಚೀಲದ ಸೊಂಟಪಟ್ಟಿಯ ಅಡಿಗೆ ಸಿಕ್ಕಿ ಒತ್ತುತ್ತವೆ.

ಕಾಲುಚೀಲ. ಮೆರಿನೊ ಶೇ 50–70, ನೈಲಾನ್ ಶೇ 25–45, ಎಲಾಸ್ಟೇನ್ ಶೇ 1–5. ನೈಲಾನ್ ಕಡಿಮೆಯಿದ್ದರೆ ಹಿಮ್ಮಡಿ ಬೇಗ ಸವೆಯುತ್ತದೆ. ಬೊಕ್ಕೆ ಏಳುವುದು ಬರಿಯ ತಿಕ್ಕಾಟದಿಂದಲ್ಲ. ಕಾಲುಚೀಲ ಚರ್ಮವನ್ನು ಹಿಡಿದುಕೊಂಡಿರುತ್ತದೆ, ಒಳಗಿನ ಮೂಳೆ ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ, ನಡುವಿನ ಪದರ ಎಳೆದಾಡಿ ಬಿರಿಯುತ್ತದೆ. ತೇವದಿಂದ ಮೆತ್ತಗಾದ ಚರ್ಮ ಕಾಲುಚೀಲಕ್ಕೆ ಇನ್ನೂ ಬಿಗಿಯಾಗಿ ಅಂಟುವುದರಿಂದ ಬೇಗ ಬಿರಿಯುತ್ತದೆ. ಆದ್ದರಿಂದ ಪರಿಹಾರ ಎರಡು: ಪಾದ ಒಣಗಿರಬೇಕು, ಜಾರುವಿಕೆ ಚರ್ಮದ ಹೊರಗೆ ನಡೆಯಬೇಕು. ತೆಳು ಒಳಕಾಲುಚೀಲದ ಮೇಲೆ ಇನ್ನೊಂದು ಹಾಕುವುದು ಈ ಎರಡನೆಯದಕ್ಕೆ, ಬಟ್ಟೆಗೆ ಬಟ್ಟೆ ಜಾರುತ್ತದೆ. ಬೆರಳು ಬೆರಳಿಗೂ ಬೇರೆ ಗೂಡಿರುವ ಕಾಲುಚೀಲ ಬೆರಳ ನಡುವೆ ಬೊಕ್ಕೆ ಏಳುವವರಿಗೆ ವರ. ದಪ್ಪ ಕಾಲುಚೀಲ ಹಾಕಿದರೆ ಬೂಟಿನ ಅಳತೆಯೂ ಬದಲಾಗುತ್ತದೆ, ಬೂಟು ಕೊಳ್ಳುವಾಗ ಅದೇ ಕಾಲುಚೀಲ ಹಾಕಿ ನೋಡಿ. ನಡೆಯಲು ಎರಡು ಜೊತೆ, ಮಲಗಲು ಒಂದು ಜೊತೆ. ಮಲಗುವ ಜೊತೆಯನ್ನು ಎಂಥ ಪ್ರಸಂಗದಲ್ಲೂ ಹಗಲು ಹಾಕಬೇಡಿ.

ನಡು ಪದರ. ಬೆಚ್ಚಗಿಡಲು ಫ್ಲೀಸ್, ಅಂದರೆ ಉಣ್ಣೆಯಂತೆ ಉಬ್ಬಿಸಿದ ಪಾಲಿಯೆಸ್ಟರ್ ಬಟ್ಟೆ. ಇದರ ಹೆಸರಿನ 100, 200, 300 ಎಂಬ ಅಂಕಿಗಳು ಜಿಎಸ್‌ಎಂಗೆ ಹತ್ತಿರ. ನಡೆಯುವಾಗಲೂ ಹಾಕುವುದಾದರೆ 100 ಸಾಕು. ಒಳಮೈಯಲ್ಲಿ ಚೌಕುಳಿ ಉಬ್ಬುಗಳಿರುವ ಫ್ಲೀಸ್ ಅದೇ ತೂಕಕ್ಕೆ ಹೆಚ್ಚು ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ. ಫ್ಲೀಸ್ ಗಾಳಿ ತಡೆಯುವುದಿಲ್ಲ. ಅದಕ್ಕೆ 10–20 ಡೆನಿಯರ್ ನೈಲಾನಿನ, ನೂರು ಗ್ರಾಂ ಒಳಗಿನ ತೆಳು ವಿಂಡ್ ಜಾಕೆಟ್ ಜೊತೆಮಾಡಿ. ಡೆನಿಯರ್ ಎಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ತೂಕಕ್ಕೆ ಹೋಲಿಸಿದರೆ ವಿಂಡ್ ಜಾಕೆಟ್ಟಿನಷ್ಟು ಕೆಲಸ ಮಾಡುವ ಉಡುಪು ಚೀಲದಲ್ಲಿ ಇನ್ನೊಂದಿಲ್ಲ.

ನಿಂತಾಗಿನ ಬೆಚ್ಚನೆ. ಪುಕ್ಕ ತುಂಬಿದ ಡೌನ್ ಜಾಕೆಟ್ ಹಗುರ, ಪುಟ್ಟದಾಗಿ ಮಡಚುತ್ತದೆ. ಒದ್ದೆಯಾದರೆ ಪುಕ್ಕ ಮುದ್ದೆಗಟ್ಟಿ ಬೆಚ್ಚನೆಯೆಲ್ಲ ಹೋಗುತ್ತದೆ. ಸಿಂಥೆಟಿಕ್ ತುಂಬಿದ್ದು ಒದ್ದೆಯಾದರೂ ಸ್ವಲ್ಪ ಉಬ್ಬು ಉಳಿಸಿಕೊಳ್ಳುತ್ತದೆ, ಆದರೆ ದಿನಾ ಚೀಲದೊಳಗೆ ಅದುಮಿ ಅದುಮಿ ಕಾಲಕ್ರಮೇಣ ತೆಳ್ಳಗಾಗುತ್ತದೆ. ಬಿಡದ ಮಳೆಯ ದಾರಿಗೆ ಸಿಂಥೆಟಿಕ್, ಒಣ ಚಳಿಗೆ ಡೌನ್. ಎರಡರಲ್ಲಿ ಯಾವುದನ್ನೂ ಹಾಕಿಕೊಂಡು ಏರು ಹತ್ತಬೇಡಿ, ಬೆವರು ಒಳಗಿನಿಂದಲೇ ತೋಯಿಸುತ್ತದೆ.

ಹಂತ 6: ಮಳೆ ಜಾಕೆಟ್ಟಿನ ಅಂಕಿಗಳನ್ನು ಅರ್ಥಮಾಡಿಕೊಳ್ಳಿ

ಎರಡು ಅಂಕಿ ಬರೆದಿರುತ್ತಾರೆ. 10,000 ಅಥವಾ 20,000 ಮಿಲಿಮೀಟರ್ ಎಂಬುದು ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆ ಎಂಬುದಕ್ಕೆ. ಬೀಳುವ ಮಳೆಯ ಒತ್ತಡ ಕಡಿಮೆಯೇ. ಚೀಲದ ಪಟ್ಟಿಯ ಅಡಿಯಲ್ಲಿ, ಒದ್ದೆ ಕಲ್ಲಿನ ಮೇಲೆ ಕೂತಾಗ ಒತ್ತಡ ಏರುತ್ತದೆ. ಚೀಲ ಹೊರುವವರಿಗೆ 10,000 ಕನಿಷ್ಠ ಎಂದುಕೊಳ್ಳಿ.

ಎರಡನೆಯದು ಚದರ ಮೀಟರಿಗೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬುದು. 20,000 ಎಂದರೆ ಗಂಟೆಗೆ ಸುಮಾರು 833 ಗ್ರಾಂ. ಕೇಳಲು ಭರ್ಜರಿ, ಆದರೆ ಅದು ಪ್ರಯೋಗಾಲಯದ ಲೆಕ್ಕ, ಕಂಪನಿ ಕಂಪನಿಗೂ ಪರೀಕ್ಷೆಯ ವಿಧಾನ ಬೇರೆ, ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಆವಿ ಹೊರಡಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆಯಿರಬೇಕು. ಬೆಚ್ಚನೆಯ ಮಳೆಯಲ್ಲಿ ಹೊರಗೂ ತೇವ ತುಂಬಿರುವುದರಿಂದ ಜಾಕೆಟ್ಟಿನೊಳಗೆ ನೀರು ತಡೆದು ಆವಿ ಬಿಡಲೆಂದು ಇರುವ ಪೊರೆ ಎಂಥ ದುಬಾರಿಯದಾದರೂ ಸೋಲುತ್ತದೆ. ಅಂಥ ದಾರಿಗೆ ಕಂಕುಳ ಝಿಪ್ ಇರುವ ಜಾಕೆಟ್ ಅಥವಾ ಗಾಳಿಯಾಡುವ ಪೊಂಚೊ, ದೊಡ್ಡ ಅಂಕಿಗಿಂತ ಹೆಚ್ಚು ಉಪಯುಕ್ತ.

ಪದರಗಳನ್ನೂ ನೋಡಿ. ಹೊರಬಟ್ಟೆ, ಪೊರೆ, ಒಳಬಟ್ಟೆ ಸೇರಿದ ಮೂರು ಪದರದ್ದು ಭಾರ ತುಸು ಹೆಚ್ಚು, ಬಾಳಿಕೆಯೂ ಹೆಚ್ಚು. ಒಳಬಟ್ಟೆಯ ಬದಲು ತೆಳು ಲೇಪವಷ್ಟೇ ಇರುವ ಎರಡೂವರೆ ಪದರದ್ದು ಹಗುರ, ಒಳಮೈ ಬೆವರಿಗೆ ಅಂಟಂಟು. ಹೊರಬಟ್ಟೆ 20 ಡೆನಿಯರಿಗಿಂತ ತೆಳುವಾದರೆ ಭಾರದ ಚೀಲದಡಿ ಹೆಚ್ಚು ದಿನ ಬಾರದು. ಪೊದೆ ನುಗ್ಗುವ ದಾರಿಗೆ 40 ಡೆನಿಯರ್ ಮೇಲಿರಲಿ.

ಹೊಸ ಜಾಕೆಟ್ಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಗುಂಡುಗಟ್ಟಿ ಉರುಳುತ್ತದೆ. ಇದು ಪೊರೆಯ ಗುಣವಲ್ಲ, ಹೊರಗಿನ ಲೇಪದ್ದು. ಲೇಪ ಸವೆದರೆ ಹೊರಬಟ್ಟೆ ನೀರು ಕುಡಿದು ಕಪ್ಪಾಗುತ್ತದೆ, ಆವಿಗೆ ದಾರಿ ಮುಚ್ಚುತ್ತದೆ, ಒಳಗೆ ಬೆವರು ಹನಿಗಟ್ಟುತ್ತದೆ. ‘ಜಾಕೆಟ್ ಸೋರುತ್ತಿದೆ’ ಎಂದು ಎಸೆಯುವವರಲ್ಲಿ ಅನೇಕರ ಜಾಕೆಟ್ಟಿಗೆ ಆಗಿರುವುದು ಇಷ್ಟೇ. ಇಂಥ ಬಟ್ಟೆಗೆಂದೇ ಇರುವ ದ್ರವ ಸೋಪಿನಲ್ಲಿ ಒಗೆದು, ಲೇಬಲ್ ಅನುಮತಿಸಿದರೆ ಡ್ರೈಯರಿನ ಕಡಿಮೆ ಬಿಸಿಯಲ್ಲಿ 20 ನಿಮಿಷ ಒಣಗಿಸಿ. ಲೇಪ ಬಹುಮಟ್ಟಿಗೆ ಮರುಜೀವ ಪಡೆಯುತ್ತದೆ. ಆಗಲೂ ನೀರು ಉರುಳದಿದ್ದರೆ ಹೊಸ ಲೇಪ ಸಿಂಪಡಿಸಿ. ಪಿಎಫ್ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು ಬಿಟ್ಟು ತಯಾರಾಗುವ ಈಗಿನ ಲೇಪಗಳು ನೀರನ್ನು ತಳ್ಳುತ್ತವೆ, ಎಣ್ಣೆಯನ್ನು ತಳ್ಳುವುದಿಲ್ಲ. ಕತ್ತು, ಮುಂಗೈ, ಭುಜದ ಕಡೆ ಮೈಯೆಣ್ಣೆ ಹತ್ತಿ ಬೇಗ ಕೆಡುವುದರಿಂದ ಹಳೆಯವಕ್ಕಿಂತ ಹೆಚ್ಚು ಸಲ ಒಗೆಯಬೇಕು. ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಯಾವ ಚಾರಣ ಬಟ್ಟೆಗೂ ಬೇಡವೇ ಬೇಡ.

ಹಂತ 7: ಎಲ್ಲವನ್ನೂ ಒಟ್ಟಿಗೆ ತೊಟ್ಟು ನೋಡಿ

ಪದರಗಳು ಒಂದರ ಮೇಲೊಂದು ಕೆಲಸ ಮಾಡುವುದರಿಂದ ನಡುವೆ ಒಂದು ಹತ್ತಿ ಬನಿಯನ್ ಸೇರಿದರೂ ಉಳಿದವುಗಳ ಗುಣ ವ್ಯರ್ಥ. ಬೆವರು ಅಲ್ಲೇ ನಿಲ್ಲುತ್ತದೆ. ಎಲ್ಲ ಪದರ ತೊಟ್ಟು ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು ನೋಡಿ. ಸೊಂಟ ಬಯಲಾಗಬಾರದು, ಕಂಕುಳು ಬಿಗಿಯಬಾರದು, ಪುಕ್ಕದ ಜಾಕೆಟ್ ಮೇಲೆ ಮಳೆ ಜಾಕೆಟ್ ಹಾಕಿದಾಗ ಉಬ್ಬು ಅದುಮಿಹೋಗಬಾರದು.

ಆಮೇಲೆ ಪೂರ್ತಿ ಭಾರದ ಚೀಲ ಹೊತ್ತು ನಾಲ್ಕು ಗಂಟೆ ನಡೆಯಿರಿ. ಅಂಗಿಯನ್ನು ಬೇಕೆಂದೇ ನೀರಲ್ಲಿ ಅದ್ದಿ, ಹಿಂಡಿ ತೊಟ್ಟು ನಡೆದರೆ ಇನ್ನೂ ಒಳ್ಳೆಯದು, ತಿಕ್ಕುವ ಜಾಗಗಳು ಒದ್ದೆಯಲ್ಲೇ ಬಯಲಾಗುತ್ತವೆ. ಮುಗಿದ ಮೇಲೆ ಭುಜ, ಸೊಂಟದ ಎಲುಬು, ಕಂಕುಳು, ತೊಡೆಸಂದಿ, ಹಿಮ್ಮಡಿಯಲ್ಲಿ ಕೆಂಪು ಗೆರೆ ಇದೆಯೇ ನೋಡಿ. ನಾಲ್ಕು ಗಂಟೆಯ ಕೆಂಪು ಗೆರೆ ಮೂರನೇ ದಿನಕ್ಕೆ ಗಾಯವಾಗುತ್ತದೆ. ಆ ಬಟ್ಟೆಯನ್ನು ಮನೆಯಲ್ಲೇ ಬಿಡಿ.

ಎಷ್ಟು ಒಯ್ಯಬೇಕು? ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ ಒಣ ಬಟ್ಟೆ, ಮೇಲೆ ಹೇಳಿದ ಒಳಉಡುಪು ಮತ್ತು ಕಾಲುಚೀಲ, ಫ್ಲೀಸ್, ವಿಂಡ್ ಜಾಕೆಟ್, ನಿಂತಾಗ ಹಾಕುವ ಜಾಕೆಟ್, ಮಳೆ ಜಾಕೆಟ್. ನಡೆಯುವ ಅಂಗಿ ಇನ್ನೊಂದು ಬೇಕೆನಿಸಿದರೆ ಮಲಗುವ ಅಂಗಿಯನ್ನೇ ಅದಕ್ಕೆ ಒದಗುವಂಥದ್ದು ಆರಿಸಿ. ಬೆಳಿಗ್ಗೆ ಒದ್ದೆ ಬಟ್ಟೆಯನ್ನೇ ತೊಡಬೇಕಾಗಿ ಬಂದರೆ ತೊಡಿ, ಹತ್ತು ನಿಮಿಷದ ಕಷ್ಟ. ಮಲಗುವ ಜೊತೆ ಒದ್ದೆಯಾದರೆ ಇಡೀ ರಾತ್ರಿಯ ಕಷ್ಟ, ಚಳಿ ಕಟುವಾಗಿದ್ದರೆ ದೇಹದ ತಾಪ 35 ಡಿಗ್ರಿಗಿಂತ ಕೆಳಗಿಳಿಯುವ ಹೈಪೊಥರ್ಮಿಯಾದ ಭಯ. ಅದನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಡಿ.

ದಾರಿಯಲ್ಲಿ ನೋಡಿಕೊಳ್ಳುವುದು

ಪ್ರತಿ ಸಂಜೆ ಕಾಲುಚೀಲ ಮತ್ತು ಒಳಉಡುಪನ್ನು ಸೋಪಿಲ್ಲದೆ ನೀರಲ್ಲಿ ಜಾಲಿಸಿ ಉಪ್ಪು ತೆಗೆಯಿರಿ. ಕೊಳಕು ನೀರನ್ನು ಹೊಳೆ ಕೆರೆಗಳಿಂದ 60 ಮೀಟರ್ ದೂರ ಚೆಲ್ಲಿ. ಒಣ ಟವೆಲಿನಲ್ಲಿ ಸುತ್ತಿ ತುಳಿದರೆ ಕೈಯಲ್ಲಿ ಹಿಂಡಿದ ಮೇಲೂ ಉಳಿದ ನೀರು ಹೊರಬರುತ್ತದೆ. ಬೆಳಿಗ್ಗೆಗೆ ಒಣಗದಿದ್ದದ್ದನ್ನು ಚೀಲದ ಹೊರಗೆ ಪಿನ್ನು ಹಾಕಿ ನೇತುಹಾಕಿ. ಬೆಂಕಿಯ ಹತ್ತಿರ ಒಣಗಿಸುವ ಆಸೆ ಬೇಡ: ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೆ, ನೈಲಾನ್ ಬಗೆಗಳು 220–260ಕ್ಕೆ, ಪಾಲಿಯೆಸ್ಟರ್ 250–260ಕ್ಕೆ ಕರಗುತ್ತವೆ, ಒಂದು ಕಿಡಿ ಸಾಕು ತೂತಾಗಲು. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಸುಟ್ಟಗಾಯ ಆಳವಾಗುತ್ತದೆ. ಉಣ್ಣೆ ಕರಗುವುದಿಲ್ಲ, ಕರಕಲಾಗಿ ತಾನೇ ಆರುತ್ತದೆ.

ಉಣ್ಣಿ, ಸೊಳ್ಳೆ ಹೆಚ್ಚಿರುವ ದಾರಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕದ ಶೇ 0.5ರ ದ್ರಾವಣವನ್ನು ಹೊರಡುವ ಮೊದಲು ಬಟ್ಟೆಗೆ ಸಿಂಪಡಿಸಿ ಪೂರ್ತಿ ಒಣಗಿಸುವ ಪದ್ಧತಿ ಇದೆ. ಡಬ್ಬಿಯ ಮೇಲಿನ ಸೂಚನೆಯಂತೆಯೇ ಮಾಡಿ, ಚರ್ಮಕ್ಕೆ ಹಚ್ಚಬೇಡಿ, ಒದ್ದೆಯಿರುವ ತನಕ ಬೆಕ್ಕುಗಳನ್ನು ದೂರವಿಡಿ. ಅವಕ್ಕೆ ಅದು ವಿಷ.

ರಿಪೇರಿಗೆ ಒಂದು ಸೂಜಿ, ಎರಡು ಮೀಟರ್ ಪಾಲಿಯೆಸ್ಟರ್ ದಾರ, ಅಂಗೈ ಅಗಲದ ಅಂಟು ನೈಲಾನ್ ತೇಪೆ. ಮೆರಿನೊದಲ್ಲಿ ಸಣ್ಣ ತೂತು ಕಂಡ ದಿನವೇ ಸುತ್ತ ಎಳೆ ಹಿಡಿದು ಹೊಲಿದುಬಿಡಿ, ಹೆಣಿಗೆ ಬಟ್ಟೆಯ ತೂತು ಏಣಿಯಂತೆ ಓಡುತ್ತಾ ಹೋಗುತ್ತದೆ. ಮಳೆ ಜಾಕೆಟ್ಟಿನ ಹರಕಿಗೆ ಸೂಜಿ ಹಾಕಬೇಡಿ. ಜಾಗ ಒರೆಸಿ, ಪೂರ್ತಿ ಒಣಗಿಸಿ, ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿ. ಚೂಪು ಮೂಲೆ ಬಿಟ್ಟರೆ ಮೊದಲು ಏಳುವುದು ಅಲ್ಲೇ.